ಒಂದೇ ಪುಟದಲ್ಲಿ ಇಬ್ಬರು

ಬೈಲಹೊಂಗಲ
೯ ಡಿಸೆಂಬರ್ ೨೦೦೧

ಪ್ರೀತಿಯ ಅವ್ವನಿಗೆ ವಿಜಯಾಳ ನಮಸ್ಕಾರ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಅಪ್ಪನ ನೆನಪಿನ ಪುಸ್ತಕ ನಾನು ಕೆಲಸ ಮಾಡುವ ಡಿ.ಟಿ.ಪಿ. ಅಂಗಡಿಯಲ್ಲೇ ತಯಾರಾಗುತ್ತಿತ್ತಲ್ಲ, ಅದು ಮುಗಿಯದೆ ನಿನಗೆ ಬರೆಯಲು ಮನಸ್ಸಾಗಲಿಲ್ಲ. ಸಿಟ್ಟಾಗಬೇಡ. ರಾಮದುರ್ಗದಲ್ಲೂ ಚಳಿ ಹೆಚ್ಚಿರಬೇಕು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

‘ಅದರಾಗ ನನ್ನ ಫೋಟೋ ಹಾಕ್ತಾರೇನ?’ ಎಂದು ನೀನು ಕೇಳಿದ್ದೆ. ಸವದತ್ತಿಯಿಂದ ಸುಂದರವ್ವ ದೊಡ್ಡವ್ವನೇ ತನ್ನ ಫೋಟೋದ ಜೊತೆ ನಿನ್ನದನ್ನೂ ತಂದಿದ್ದಳು. “ಇಬ್ಬರೂ ಅವರ ಹೇಂತ್ಯಾರ. ಇಬ್ಬರೂ ಇರಲಿ” ಎಂದಳು. ಅವಳ ಮಗ ಮಲಕಾಜಪ್ಪಣ್ಣ ರಸ್ತೆಯ ಕಡೆ ನೋಡುತ್ತ ನಿಂತಿದ್ದ.

ಕಂಪ್ಯೂಟರಿನಲ್ಲಿ ಪುಟ ಕೂಡಿಸುವಾಗ ನಿನ್ನ ಫೋಟೋವನ್ನು ಬರಹದ ಸಾಲಿಗೆ ಕಟ್ಟಿದ್ದೆ. ದೊಡ್ಡವ್ವನದನ್ನು ಅದರ ಕೆಳಗೆ ಹಾಳೆಯ ಮೇಲೆ ಬಿಡಿಯಾಗಿ ಇಟ್ಟಿದ್ದೆ. ಸಾಲಿಗೆ ಕಟ್ಟಿದ ಚಿತ್ರ ಸಾಲಿನ ಜೊತೆ ಸರಿಯುತ್ತದೆ, ಬಿಡಿಯಾಗಿಟ್ಟದ್ದು ಇದ್ದಲ್ಲೇ ಇರುತ್ತದೆ. ಆಮೇಲೆ ಅಣ್ಣ ಆ ಬರಹದ ಮೊದಲಿಗೆ ಒಂದಿಷ್ಟು ಮಾತು ಸೇರಿಸಿದ. ಬರಹ ಕೆಳಗಿಳಿಯಿತು, ಅದರ ಜೊತೆ ನಿನ್ನ ಫೋಟೋ ಇಳಿದು ದೊಡ್ಡವ್ವನ ಮುಖವನ್ನು ಮುಚ್ಚಿತು. ನಾನು ನೋಡುವ ಮೊದಲೇ ಮಾಲೀಕರಾದ ರಫೀಕ್‌ಭಾಯಿ ಕರಡು ತೆಗೆದು ಅಣ್ಣನ ಕೈಗೆ ಕೊಟ್ಟಿದ್ದರು.

“ಹಾಳ್ಯಾಗೂ ನಮ್ಮವ್ವನ ಮಾರಿ ಮ್ಯಾಲ ಬಂದ ಕುಂತಾಳ ನೋಡ್ರಿ! ತಗದ ಒಗೀರಿ ಆಕೀನ್ನ,” ಎಂದ ಅಣ್ಣ.

“ಫೋಟೋದ್ದೇನ ತಪ್ಪ ಐತ್ರೀ ಸಾವ್ಕಾರ್ರ? ತಪ್ಪ ನಮ್ದು,” ಎಂದ ರಫೀಕ್‌ಭಾಯಿ ನನ್ನ ಕಡೆ ತಿರುಗಿದರು. “ಒಂದ ಎತ್ತ ಕಟ್ಟಿ ಒಂದ ಬಿಟ್ಟಂಗ ಮಾಡೀದಿ. ಎರಡನೂ ಕಟ್ಟವಾ.”

ದೊಡ್ಡವ್ವ ಕರಡನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. “ನನ್ನ ಮಾರಿ ಮುಚ್ಚಿದ್ದು ಇದ ಮೊದಲೇನಲ್ಲ ಬಿಡಪಾ,” ಎಂದು ಮಗನಿಗೆ ಹೇಳಿದಳು. ನನಗೆ ಹೇಳಿದ್ದು ಇಷ್ಟೇ: “ತಗೀಬ್ಯಾಡ. ಸರಿಸಿ ಇಡು, ಯವ್ವಾ.”

ನನಗೆ ತಲೆ ಎತ್ತಲಾಗಲಿಲ್ಲ. ಎರಡು ಫೋಟೋಗಳನ್ನೂ ಅವರವರ ಬಗ್ಗೆ ಬರೆದ ಮಾತಿನ ಕೆಳಗೆ ಬೇರೆ ಬೇರೆ ಸಾಲಿಗೆ ಕಟ್ಟಿ, ಸುತ್ತ ಜಾಗ ಬಿಟ್ಟೆ. ಮೇಲೆ ಸುಮ್ಮನೆ ಸಾಲು ಸೇರಿಸಿ ನೋಡಿದೆ. ಎರಡೂ ಒಟ್ಟಿಗೆ ಇಳಿದವು, ಒಂದನ್ನೊಂದು ಮುಟ್ಟಲಿಲ್ಲ. ಸಾಲು ತೆಗೆದೆ, ಒಟ್ಟಿಗೇ ಏರಿದವು.

ಪುಸ್ತಕ ಈಗ ಅಚ್ಚಿಗೆ ಹೋಗಿದೆ. ಫೋಟೋದಲ್ಲಿ ನೀನು ನನಗಿಂತ ಚಿಕ್ಕವಳು ಅವ್ವಾ, ನಗು ತಡೆದುಕೊಂಡು ನಿಂತಂತಿದೆ. ದೇವರು ನಿನ್ನನ್ನು ಸುಖವಾಗಿ ಇಡಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗಳು
ವಿಜಯಾ

ತಾ.ಕ.: ಪುಸ್ತಕ ಕೈಗೆ ಬಂದಾಗ ನೀನು ಹುಡುಕುತ್ತೀ, ಅದಕ್ಕೆ ಮೊದಲೇ ಹೇಳುತ್ತೇನೆ. ಕೊನೆಯ ಪುಟದಲ್ಲಿ ‘ಅಗಲಿದ ತಂದೆಗೆ ಮಕ್ಕಳ ನಮನ’ ಎಂದಿದೆ. ಕೆಳಗೆ ದೊಡ್ಡವ್ವನ ಮಕ್ಕಳು ಮಲಕಾಜಪ್ಪಣ್ಣ, ಮೀನಕ್ಕ ಇಬ್ಬರದೇ ಹೆಸರು. ಟೈಪ್ ಮಾಡಿದವಳು ನಾನೇ. “ಇಷ್ಟೇ ಏನ್ರಿ?” ಎಂದು ಅಣ್ಣನನ್ನು ಕೇಳಿದೆ. “ಇಷ್ಟೇ” ಎಂದ. ಆ ಪುಟದಲ್ಲಿ ಇನ್ನೂ ಅರ್ಧ ಜಾಗ ಖಾಲಿ ಇತ್ತು, ಅವ್ವಾ.