ದುಂಡು ಕಲ್ಲು

ಮಾರ್ಚ್ ೧೪, ಶುಕ್ರವಾರ

ಇವರು ವಾಕಿಂಗ್ ಹೋಗುವುದು ಸಮುದ್ರದ ದಂಡೆಗಲ್ಲ. ನನ್ನ ಸಕ್ಯುಲೆಂಟ್ ಗಿಡದ ಕುಂಡಗಳಿಗೆಂದು ದಿನವೂ ಅಲ್ಲಿಂದಲೇ ಎಂದು ಹೇಳಿ ಹಿಡಿ ಕಲ್ಲು ತರುತ್ತಾರಲ್ಲ, ಬೆಳಿಗ್ಗೆ ತೊಳೆಯುವಾಗ ಒಂದು ಬೆರಳಿಗೆ ಚುಚ್ಚಿತು. ಅಲೆಯಲ್ಲಿ ಉರುಳಿದ ಕಲ್ಲು ಚುಚ್ಚುತ್ತದೆಯೇ? ಚಪ್ಪಲಿಯಲ್ಲಿ ಮರಳೂ ಇಲ್ಲ. ಯಾರ ಮನೆಗೆ ಹೋಗುತ್ತಾರೋ ಎಂದು ದಿನವಿಡೀ ಅದೇ ಯೋಚನೆ.

ಸಂಜೆ ಹಿಂದೆಯೇ ಹೋದೆ. ಬೀದಿಯ ಕೊನೆಯಲ್ಲಿ ಬೆಂಚು, ಪಕ್ಕದಲ್ಲಿ ಯಾರೋ ಸುರಿದ ಜಲ್ಲಿ ರಾಶಿ. ಒಬ್ಬರೇ ಕೂತು, ಎದೆಗೆ ಕೈಯೊತ್ತಿ ಏದುಸಿರು ಬಿಡುತ್ತಿದ್ದರು. ಆಮೇಲೆ ಬಗ್ಗಿ, ಆ ಜಲ್ಲಿಯಲ್ಲಿ ದುಂಡಗಿನವನ್ನು ಹುಡುಕತೊಡಗಿದರು.

ಮನೆಗೆ ಬಂದವರೇ, "ಇವತ್ತು ಅಲೆ ಜೋರಿತ್ತು ಕಣೇ" ಎಂದರು.

"ಹೌದಾ? ಕಲ್ಲು ಚೆನ್ನಾಗಿವೆ" ಎಂದೆ.

ಇನ್ನೇನೇನು ಮುಚ್ಚಿಟ್ಟಿದ್ದಾರೋ. ಈಗ ಪಕ್ಕದಲ್ಲಿ ಗೊರಕೆ. ನಿಜವಾದ ಗೊರಕೆಯೇ ಎಂದು ಕಿವಿಗೊಟ್ಟು ಕೂತಿದ್ದೇನೆ.