ಜಿಂಕಿಯ ಸೊಂಟದ ಫಿಲಂ

ಹಂಪಾಪುರ
೭–೧೨–೧೯೯೮, ಸೋಮವಾರ

ಹರ್ಷಿತಾಳ ಅಪ್ಪನಿಗೆ ಪ್ರಮೀಳಾ ಮಾಡುವ ನಮಸ್ಕಾರ.

ನಾವೆಲ್ಲ ಕ್ಷೇಮ. ನಿಮ್ಮ ಕೆಮ್ಮು ಹೇಗಿದೆ? ಹೋದ ಕಾಗದದಲ್ಲಿ ‘ಪರವಾಗಿಲ್ಲ’ ಎಂದಷ್ಟೇ ಬರೆದಿದ್ದಿರಿ. ನೀವು ಪರವಾಗಿಲ್ಲ ಎಂದರೆ ಇನ್ನೂ ಇದೆ ಎಂದೇ ಅರ್ಥ, ಹತ್ತು ವರ್ಷದ ಸಂಸಾರದಲ್ಲಿ ಇಷ್ಟಾದರೂ ಕಲಿತಿದ್ದೇನೆ. ನಾನು ಕಳಿಸಿದ ಒಣಶುಂಠಿ ಪುಡಿ ತಲುಪಿತೋ ಇಲ್ಲವೋ ಬರೆಯಿರಿ. ಚಳಿಗೆ ನಿಮ್ಮ ಅವ್ವನ ಮಂಡಿ ಹಿಡಿದುಕೊಂಡಿದೆ, ಆದರೂ ಬೆಳಿಗ್ಗೆ ಕೊಟ್ಟಿಗೆಗೆ ತಾವೇ ಹೋಗಬೇಕು ಎನ್ನುವ ಹಟ ಬಿಟ್ಟಿಲ್ಲ. ಹರ್ಷಿತಾ ಹದಿನೈದರವರೆಗೆ ಮಗ್ಗಿ ಒಪ್ಪಿಸುತ್ತಾಳೆ, ಹದಿಮೂರರಲ್ಲಿ ಮಾತ್ರ ಪ್ರತಿ ಸಲ ಎಡವುತ್ತಾಳೆ. ಹಿತ್ತಲಿನ ಅವರೆ ಚೆನ್ನಾಗಿ ಕಾಯಿ ಕಚ್ಚಿದೆ.

ಇನ್ನು ಜಿಂಕಿಯ ವಿಷಯ. ಈ ಕಾಗದಕ್ಕೆ ಕೂತಿದ್ದೇ ಅವಳಿಗೋಸ್ಕರ, ಮೂರು ದಿನದಿಂದ ಕೂತು ಕೂತು ಎದ್ದಿದ್ದೇನೆ. ‘ಸೊಂಟದ ಎಕ್ಸ್‌ರೇ ತೆಗೆಸು, ಫಿಲಂ ಸರಿಯಿದ್ದರೆ ಮಾತ್ರ ಗಂಡಿಗೆ ಬಿಡು’ ಎಂದು ನೀವು ಬರೆದಿರಿ. ಅದೇ ಕಾಗದದ ಕೊನೆಯಲ್ಲಿ ‘ಮಾರ್ಚಿಗೆ ಪೆನ್ಷನ್ ಮೇಲೆ ಬರುವಾಗ ಅಂಗಳದ ತುಂಬ ಮರಿ ಓಡಾಡುತ್ತಿರಬೇಕು’ ಎಂದೂ ಬರೆದಿರಿ. ಅಷ್ಟು ದೂರದ ಗಡಿಯ ಗುಡ್ಡದ ಮೇಲೆ ಕೂತು ಎರಡು ಸಾಲು ಬರೆಯುವುದು ಸುಲಭ ಕಣ್ರೀ. ಅಲ್ಸೇಷಿಯನ್ ನಾಯಿಯ ಸೊಂಟದ ಚಿತ್ರ ತೆಗೆಯುವವರು ಈ ಕೋಟೆ ತಾಲ್ಲೂಕಿನಲ್ಲಿ ಯಾರಿದ್ದಾರೆ ಎಂದು ಬರೆಯಲಿಲ್ಲ. ಸಿಟ್ಟಿಗೆ ಹೇಳುತ್ತಿಲ್ಲ. ಇಲ್ಲ, ಸಿಟ್ಟಿಗೇ ಹೇಳುತ್ತಿದ್ದೇನೆ.

ಫಿಲಂ ಯಾಕೆ ಬೇಕು ಎಂದು ನನಗೆ ನೀವು ಹೇಳಿಕೊಡಬೇಕಾಗಿಲ್ಲ. ಅಂತರಸಂತೆಯಲ್ಲಿ ನಿಮ್ಮ ಸೋದರತ್ತೆ ರಾಚಮ್ಮ ಎರಡು ವರ್ಷ ಪಟ್ಟ ಪಾಡನ್ನು ಕಣ್ಣಾರೆ ಕಂಡವಳು ನಾನು. ಕಾಡಂಚಿನ ಹೊಲದ ಮನೆಗೆ ಕಾವಲಿಗಿರಲಿ ಎಂದು ಯಾರೋ ಕೊಟ್ಟ ಜಾತಿನಾಯಿ, ವರ್ಷ ತುಂಬುವುದರೊಳಗೆ ಸೊಂಟದ ಮೂಳೆ ಸರಿಯಿಲ್ಲದೆ ಹಿಂಗಾಲು ಎಳೆಯತೊಡಗಿತು. ಆ ಹೆಂಗಸು ಹೊಟ್ಟೆಯ ಕೆಳಗೆ ಟವಲು ಕೊಟ್ಟು ಎತ್ತಿ ಹಿಡಿದುಕೊಂಡು ಅದನ್ನು ಉಚ್ಚೆಗೆ ಕರೆದುಕೊಂಡು ಹೋಗುತ್ತಿದ್ದರು. ಜಿಂಕಿಯ ಮೊದಲ ಮರಿ ನಿಮಗೇ ಎಂದು ನೀವು ಮಾತು ಕೊಟ್ಟಾಗ ‘ನಂಗೆ ನಾಯಿ ಬ್ಯಾಡ ಕಣ್ಲಾ, ಇನ್ನೊಂದ್ನ ಎತ್ಕಂಡು ತಿರ್ಗಕ್ಕೆ ಸಕ್ತಿ ಇಲ್ಲ’ ಅಂದರು. ಎಕ್ಸ್‌ರೇ ತೆಗೆಸಿ, ಗಟ್ಟಿ ಎಂದು ಗೊತ್ತಾದ ಮೇಲೇ ಮರಿ ಮಾಡಿಸುತ್ತೇನೆ ಎಂದು ನೀವು ಒಪ್ಪಿಸಿದಿರಿ.

ಮೊದಲ ಸಲ ದೀಪಾವಳಿ ಕಳೆದ ವಾರ ಹುಣಸೂರಿಗೆ ಹೋದೆವು. ಅಲ್ಲಿ ಜನರಿಗೆ ಎಕ್ಸ್‌ರೇ ತೆಗೆಯುವವರು, ಭಾನುವಾರ ಬಾಗಿಲು ಹಾಕಿದ ಮೇಲೆ ಹಿಂದಿನಿಂದ ಬನ್ನಿ ಅಂದಿದ್ದರು. ಬಸ್ಸಿಗೆ ನಾಯಿ ಹತ್ತಿಸುವುದಿಲ್ಲವಲ್ಲ, ಪಕ್ಕದ ಮನೆ ಮಂಟಯ್ಯನವರ ಜೀಪಿನಲ್ಲಿ ಕರೆದುಕೊಂಡು ಹೋದೆ. ಕೋಟೆಯ ಪಶು ಡಾಕ್ಟರು ಮಹದೇವಯ್ಯನವರು ನಿದ್ದೆ ಇಂಜೆಕ್ಷನ್ ಕೊಡಲು ಜೊತೆಗೆ ಬಂದರು. ನಾಯಿ ಅಂಗಾತ ಮಲಗಬೇಕು, ಎರಡು ಹಿಂಗಾಲನ್ನೂ ಒಂದೇ ಸಮ ನೇರಕ್ಕೆ ಎಳೆದು ಮಂಡಿ ಒಳಕ್ಕೆ ತಿರುಗಿಸಿ ಹಿಡಿಯಬೇಕು. ಎಚ್ಚರವಿದ್ದರೆ ಯಾವ ನಾಯಿ ಬಿಡುತ್ತದೆ? ರಾತ್ರಿಯಿಂದ ಏನೂ ತಿನ್ನಿಸಬೇಡಿ ಎಂದು ಅವರು ಎರಡು ಸಲ ಹೇಳಿದ್ದರು. ನಾನೂ ತಟ್ಟೆ ಮಗುಚಿಟ್ಟಿದ್ದೆ. ಆದರೆ ನಿಮ್ಮ ಅವ್ವ ಗೊತ್ತಲ್ಲ, ಊರು ಬಿಟ್ಟು ಹೊರಟವರು ಯಾರೇ ಆಗಲಿ ಮೊಸರನ್ನ ಬಾಯಿಗಿಡದೆ ಹೊಸ್ತಿಲು ದಾಟಿಸುವವರಲ್ಲ. ನೀವು ರಜೆ ಮುಗಿಸಿ ಹೊರಡುವಾಗ ಅಳುತ್ತಲೇ ಕೈತುತ್ತು ಕೊಡುತ್ತಾರಲ್ಲ, ಹಾಗೇ ಇವಳಿಗೂ ಕೊಟ್ಟಿದ್ದಾರೆ. ಇಂಜೆಕ್ಷನ್ ಬಿದ್ದು ಕಾಲು ಗಳಿಗೆಗೆ ವಾಂತಿ ಬಂತು, ನಿದ್ದೆಯಲ್ಲೇ. ಅನ್ನ ಉಸಿರಿನ ಕೊಳವೆಗೆ ಹೋಯಿತು, ನಾಲಿಗೆ ನೀಲಿ ತಿರುಗಿತು. ಡಾಕ್ಟರು ಅವಳನ್ನು ತಲೆಕೆಳಗೆ ಹಿಡಿದು ಬಾಯೊಳಗೆ ಬೆರಳು ಹಾಕಿ ತೆಗೆದದ್ದರಿಂದ ಬದುಕಿದಳು. ‘ನಾಯಾದ್ರೇನವ್ವ, ಹಸ್ಕಂಡು ಹೊಂಟ್ರೆ ನೋಡಕ್ಕಾಯ್ತದಾ’ ಎಂದು ಅವ್ವ ಇಡೀ ವಾರ ಒಂದೇ ಮಾತು ಹೇಳಿಕೊಂಡು ಅತ್ತರು. ಅವರನ್ನು ಏನೆಂದು ಬೈಯಲಿ?

ಇನ್ನು ಒಂದು ತಿಂಗಳು ಇಂಜೆಕ್ಷನ್ ಬೇಡ, ಎದೆ ಸರಿಹೋಗಲಿ ಅಂದರು ಡಾಕ್ಟರು. ಸರಿ, ಕಾಯೋಣ ಎಂದುಕೊಂಡರೆ ನಾಲ್ಕನೇ ದಿನಕ್ಕೆ ಜಿಂಕಿ ಬೆದೆಗೆ ಬಂದಳು. ಈ ಸಲ ತಪ್ಪಿದರೆ ಇನ್ನಾರು ತಿಂಗಳು, ನಿಮ್ಮ ಮಾರ್ಚಿ ಹೋಯಿತು. ನನಗೆ ತಲೆ ಓಡಲಿಲ್ಲ. ಡಾಕ್ಟರಿಗೂ ಹೇಳದೆ, ಮತ್ತೆ ಹುಣಸೂರಿಗೆ ಹೋಗಿ, ಇಂಜೆಕ್ಷನ್ ಇಲ್ಲದೆ ಹಿಡಿದುಕೊಂಡೇ ತೆಗೆಸಿದೆ. ಮುಂಗಾಲು ಮಂಟಯ್ಯನವರು, ಬಲಗಾಲು ಅಲ್ಲಿಯ ಆಳು, ಎಡಗಾಲು ನಾನು. ಬಟನ್ ಒತ್ತುವ ಹೊತ್ತಿಗೆ ಅವಳು ನನ್ನ ಮುಖವನ್ನೇ ನೋಡಿ ಕುಂಯ್ ಅಂದಳು. ನನ್ನ ಕೈ ಸಡಿಲವಾಯಿತು. ಒಂದೇ ಒಂದು ಚೂರು.

ಫಿಲಂ ವಾಲಿಕೊಂಡು ಬಂತು. ಮಹದೇವಯ್ಯನವರು ಬೆಳಕಿಗೆ ಹಿಡಿದು, ‘ಎರಡು ಪಕ್ಕದ ಮೂಳೆ ಒಂದೇ ಅಳತೆಗೆ ಬಿದ್ದಿಲ್ಲ ಕಣಮ್ಮ, ಮೈ ತಿರುಗಿದೆ. ಇದನ್ನ ನೋಡ್ಕೊಂಡು ಚೆನ್ನಾಗಿದೆ ಅನ್ನಕ್ಕೂ ಆಗಲ್ಲ, ಕೆಟ್ಟಿದೆ ಅನ್ನಕ್ಕೂ ಆಗಲ್ಲ’ ಅಂದರು. ಗಂಡುನಾಯಿ ಇರುವುದು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಕಂಠಪ್ಪನವರಲ್ಲಿ ಅಲ್ಲವೇ, ಅವರು ಆ ಫಿಲಮನ್ನೇ ಕೆ.ಆರ್. ನಗರದ ತಮ್ಮ ಗುರುತಿನ ಡಾಕ್ಟರಿಗೆ ತೋರಿಸಿದರು. ಆತ ಒಂದು ಕ್ಷಣ ಕಿಟಕಿಗೆ ಹಿಡಿದು ಏನೂ ತೊಂದರೆಯಿಲ್ಲ ಅಂದರಂತೆ. ‘ಒಬ್ರು ಸರಿ ಅಂದ್ರಲ್ಲ ತಾಯಿ, ಇನ್ಯಾಕೆ ಅನುಮಾನ. ದಿನ ಮೀರೋಯ್ತದೆ ಅಷ್ಟೆ’ ಅಂದರು ಕಂಠಪ್ಪನವರು. ನನಗೆ ಬೇಕಾಗಿದ್ದ ಮಾತು ಅದೇ, ಅದಕ್ಕೇ ನಂಬಿದೆ. ನವೆಂಬರ್ ಒಂಬತ್ತನೇ ತಾರೀಖು ಜಿಂಕಿಯನ್ನು ಕರೆದುಕೊಂಡು ಹೋಗಿ ಗಂಡಿಗೆ ಬಿಟ್ಟೆ. ಇದನ್ನು ಬರೆಯಲಾಗದೆಯೇ ಇಷ್ಟು ದಿನ ಕಾಗದ ಹಾಕಲಿಲ್ಲ. ನೀವು ಬೇಡ ಎಂದಿದ್ದನ್ನೇ ನಿಮಗೆ ಖುಷಿಯಾಗಲಿ ಎಂದು ಮಾಡಿದೆ.

ಆಮೇಲಿನಿಂದ ನನಗೆ ಅವಳ ನಡಿಗೆ ನೋಡುವುದೇ ಕೆಲಸವಾಯಿತು. ಬೆಳಿಗ್ಗೆ ಏಳುವಾಗ ಮುಂಗಾಲೂರಿ, ಸ್ವಲ್ಪ ತಡೆದು, ಆಮೇಲೆ ಹಿಂದಿನದನ್ನು ಎತ್ತುತ್ತಾಳೆ. ಮೊದಲೂ ಹಾಗೇ ಇತ್ತೋ ಏನೋ, ಯಾರು ನೋಡಿದ್ದರು? ಕೊನೆಗೆ ಮಹದೇವಯ್ಯನವರ ಮುಂದೆ ಗಂಡಿಗೆ ಬಿಟ್ಟದ್ದನ್ನೆಲ್ಲ ಒಪ್ಪಿಕೊಂಡೆ. ಬೈದರು, ಬೈಯಲೇಬೇಕಿತ್ತು. ಮೊನ್ನೆ ಶನಿವಾರ ತಾವೇ ಮೈಸೂರಿನ ಒಬ್ಬ ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವ್ವನೇ ಈ ಸಲ ಅಡುಗೆಮನೆ ಬಾಗಿಲಿಗೆ ಅಡ್ಡ ಕೂತು ಯಾರೂ ಏನೂ ಕೊಡದಂತೆ ಕಾದರು. ಜಿಂಕಿ ಚೆನ್ನಾಗಿ ನಿದ್ದೆ ಹೋದಳು. ಎರಡೂ ಪಕ್ಕ ಮರಳಿನ ಚೀಲ ಒತ್ತಿಟ್ಟು, ಕಾಲಿಗೆ ಪಟ್ಟಿ ಕಟ್ಟಿ, ದಾರ ಹಿಡಿದ ಹಾಗೆ ನೆಟ್ಟಗೆ ತೆಗೆದರು. ನನ್ನನ್ನು ಹೊರಗೆ ನಿಲ್ಲಿಸಿದ್ದರು.

ಅನುಮಾನಕ್ಕೆ ಎಡೆಯೇ ಇಲ್ಲದ ಫಿಲಂ. ಇಷ್ಟು ದಿನ ಬೇಡಿಕೊಂಡಿದ್ದೂ ಅದನ್ನೇ. ಸೌಟಿನೊಳಗೆ ನಿಂಬೆಹಣ್ಣು ಕೂತ ಹಾಗೆ ಇರಬೇಕಾದ ಮೂಳೆಯ ಗುಂಡು, ತಟ್ಟೆಯ ಮೇಲಿಟ್ಟ ಹಾಗಿದೆ. ಎರಡೂ ಕಡೆ. ವಾಲಿದ್ದರಿಂದ ಹಾಗೆ ಕಂಡಿತು ಎನ್ನಲು ಈ ಸಲ ಏನೂ ಉಳಿದಿಲ್ಲ. ಹುಟ್ಟಿನಿಂದ ಬಂದದ್ದು, ಮರಿಗಳಿಗೂ ಬರುವ ಸಂಭವವೇ ಹೆಚ್ಚು ಅಂದರು. ಹೊಟ್ಟೆ ಹಿಸುಕಿ ನೋಡಿ, ನಾಲ್ಕು ಮರಿಯಾದರೂ ಇವೆ ಅಂದರು.

ಈಗ ಇರುವುದು ಎರಡು ದಾರಿ. ಮರಿಗಳನ್ನು ಹುಟ್ಟಿಸಿಕೊಂಡು, ಬರುವ ವರ್ಷ ಯಾವುದು ಎದ್ದು ನಿಲ್ಲುತ್ತದೆ, ಯಾವುದು ಕೂತುಬಿಡುತ್ತದೆ ಎಂದು ಕಾಯುವುದು. ಹೊಟ್ಟೆಯ ಭಾರಕ್ಕೆ ಜಿಂಕಿಯ ಸೊಂಟವೂ ಇನ್ನಷ್ಟು ಸೋಲಬಹುದು. ಇಲ್ಲವೇ ಆಪರೇಷನ್ ಮಾಡಿಸಿ ಗರ್ಭಚೀಲವನ್ನೇ ತೆಗೆಸುವುದು, ಆಮೇಲೆ ಅವಳಿಗೆ ಎಂದೂ ಮರಿಯಿಲ್ಲ. ಇದು ನಿಮ್ಮ ನಾಯಿ, ನಿಮ್ಮ ಆಸೆ. ಯೋಚನೆ ಮಾಡಿ, ಏನು ಮಾಡಲಿ ಎಂದು ಕೂಡಲೇ ಬರೆಯಿರಿ.

ಅವ್ವ ಆಶೀರ್ವಾದ ತಿಳಿಸಿದ್ದಾರೆ, ಬಿಸಿನೀರು ಕುಡಿಯಬೇಕಂತೆ. ಹರ್ಷಿತಾ ಮುತ್ತು ಕೊಟ್ಟಿದ್ದಾಳೆ. ಮೈಮೇಲೆ ನಿಗಾ ಇರಲಿ.

ನಿಮ್ಮ
ಪ್ರಮೀಳಾ

ಮರೆತ ಮಾತು: ಅಂಟು ಹಚ್ಚುವ ಮೊದಲು ಇಷ್ಟು ಗೀಚುತ್ತಿದ್ದೇನೆ, ಟಪಾಲಿನವರು ಬರುವ ಹೊತ್ತು. ಮೇಲೆ ಕೇಳಿದ್ದಕ್ಕೆ ಉತ್ತರ ಬರೆಯಬೇಡಿ. ಈ ಕಾಗದ ನಿಮಗೆ ಸೇರಲು ಎರಡು ವಾರ, ನಿಮ್ಮದು ಬರಲು ಇನ್ನೆರಡು ವಾರ. ಆಪರೇಷನ್ನಿಗೆ ಡಾಕ್ಟರು ಕೊಟ್ಟಿರುವುದು ಈ ವಾರ ಮಾತ್ರ, ಮರಿ ಬಲಿತರೆ ಕಷ್ಟವಂತೆ. ನಿಮ್ಮ ಯೂನಿಟ್ಟಿನ ಫೋನ್ ನಂಬರ್ ಹಿಡಿದುಕೊಂಡು ನಿನ್ನೆ ಎಸ್‌ಟಿಡಿ ಬೂತಿನವರೆಗೆ ಹೋಗಿದ್ದೆ. ನೀವು ‘ಹುಟ್ಟಲಿ ಬುಡು’ ಅಂದುಬಿಟ್ಟರೆ ನನ್ನ ಕೈಲಿ ಇಲ್ಲ ಅನ್ನಲು ಆಗುವುದಿಲ್ಲ, ಅದಕ್ಕೇ ಫೋನ್ ಮಾಡದೆ ವಾಪಸ್ಸು ಬಂದೆ. ಆಪರೇಷನ್ ಗುರುವಾರ. ನೀವು ಈ ಸಾಲು ಓದುವ ಹೊತ್ತಿಗೆ ಅವಳ ಹೊಲಿಗೆ ಬಿಚ್ಚಿರುತ್ತಾರೆ.