ಬಾಣಂತನಕ್ಕೊಂದು ರಜೆ

ಆಗಸ್ಟ್ 5, ಸೋಮವಾರ

ಬೆಳಗ್ಗೆಯಿಂದ ಪ್ರೂಫ್ ಮೇಲೆ ಪ್ರೂಫ್. ಆಡಿ ಮಾಸದ ಹದಿನೆಂಟನೇ ದಿನದ ಹಬ್ಬಕ್ಕೆ ಹೊಸ ವರ್ಷದ ಮಾದರಿಗಳು ಹೊರಬಿದ್ದವು. ಇನ್ನು ಡಿಸೆಂಬರ್ ತನಕ ಶಿವಕಾಶಿಯಲ್ಲಿ ಯಾವ ಕ್ಯಾಲೆಂಡರ್ ಪ್ರೆಸ್ಸಿಗೂ ಉಸಿರಿಲ್ಲ. ಇದರ ನಡುವೆ ನಮ್ಮ ಮಾಲೀಕರು, ಎಲ್ಲರ ಬಾಯಲ್ಲೂ ಅಣ್ಣಾಚಿ, ಕರೆದರು. ಅವರು ಹೆಸರು ಹಿಡಿದು ಕರೆದರೆ ಏನೋ ತಲೆಗೆ ಕಟ್ಟುತ್ತಾರೆ ಎಂದೇ ಅರ್ಥ.

"ತಂಬಿ ಅರಿವಳಗಾ, ಜರ್ಮನಿಯೋರು ಡೈರಿ ಆರ್ಡರ್ ಕೊಡ್ತಾರಂತೆ. ಅದಕ್ಕೆ ಮುಂಚೆ ನಿಮ್ಮ ರಜಾ ನೀತಿ ತೋರ್ಸಿ ಅಂತಾರೆ. ರಜಕ್ಕೆ ಎಂಥಾ ನೀತಿಯೋ? ಕೇಳ್ತಾರೆ, ಕೊಡ್ತೀನಿ."

"ಅದನ್ನೇ ಬರೆದಿಡ್ಬೇಕು ಅಣ್ಣಾಚಿ. ಕಾನೂನಿನ ಪ್ರಕಾರ."

"ಹಂಗಾದ್ರೆ ನೀನೇ ಬರಿ. ಬಿಎ ಓದಿದ್ದೀಯಲ್ಲ, ಅನುಭವಿಸು."

ನಮ್ಮಲ್ಲಿ ಅರ್ಜಿ ಗಿರ್ಜಿ ಇಲ್ಲ. ರಜೆ ಬೇಕಾದವರು ಮನೆಯ ದಿನದ ಕ್ಯಾಲೆಂಡರಿನಿಂದ ಆ ದಿನದ ಹಾಳೆ ಹರಿದು ತಂದು ಅಣ್ಣಾಚಿಯ ಮೇಜಿನ ಮೇಲಿಡಬೇಕು. ಅವರು ರಾಹುಕಾಲ ನೋಡುತ್ತಾರೆ, ಒಳ್ಳೆ ಹೊತ್ತು ನೋಡುತ್ತಾರೆ, ಕೆಳಗಿನ ಗಾದೆ ಗಟ್ಟಿಯಾಗಿ ಓದುತ್ತಾರೆ. ಹಿಂಭಾಗದಲ್ಲಿ ಪ್ರೂಫ್ ತಿದ್ದುವ ಕೆಂಪು ಪೆನ್ಸಿಲಿನಿಂದ ಸಹಿ ಬಿದ್ದರೆ ರಜೆ. ಹಾಳೆ ಹಾಗೇ ವಾಪಸ್ ಬಂದರೆ ಬಾಯಿ ಮುಚ್ಚಿಕೊಂಡು ಮಿಷನ್ನಿಗೆ ಹೋಗಬೇಕು. ಪ್ರೆಸ್ ಶುರುವಾದಾಗಿನಿಂದ ಹೀಗೇ. ಇದನ್ನು ಜರ್ಮನಿಯವರಿಗೆ ಹೇಗೆ ಹೇಳಲಿ?

ಮನೆಗೆ ಬಂದು ಹೆಂಡತಿ ಇಸಕ್ಕಿಗೆ ಹೇಳಿದೆ. ಅವಳೂ ನಮ್ಮ ಪ್ರೆಸ್ಸಿನವಳೇ, ಬೈಂಡಿಂಗ್ ವಿಭಾಗ. ಆರನೇ ತಿಂಗಳು.

"ಅಯ್ಯೋ, ನನ್ನ ಹೆರಿಗೆ ರಜೆ ನೀವೇ ಬರೀತೀರಾ? ಕೈ ಬಿಗಿ ಹಿಡೀಬೇಡಿ ರೀ. ನಿಮ್ಮ ದುಡ್ಡೇನಲ್ಲ."

ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕರೆ ಈಗ ಇಬ್ಬರು ನಕ್ಕಂತೆ ಕಾಣುತ್ತದೆ.

ಆಗಸ್ಟ್ 9, ಶುಕ್ರವಾರ

ಮದುರೆಯ ವಕೀಲೆ ತಿಲಗವತಿ ಮೇಡಂ ಫೋನಿನಲ್ಲಿ ಪಾಠ ಮಾಡಿದರು. ಇಪ್ಪತ್ತು ದಿನ ದುಡಿದರೆ ಒಂದು ದಿನ ಗಳಿಕೆ ರಜೆ. ರಾಷ್ಟ್ರೀಯ ಹಬ್ಬ ನಾಲ್ಕು, ನಮ್ಮ ಹಬ್ಬ ಐದು. ಗಳಿಕೆ ರಜೆಗೆ ಹದಿನೈದು ದಿನ ಮುಂಚೆ ಅರ್ಜಿ. ಕಾಯಿಲೆಗೆ ಮಾತ್ರ ವಿನಾಯಿತಿ. ಎಲ್ಲ ಬರೆದುಕೊಂಡೆ. ಅಣ್ಣಾಚಿಗೆ ಓದಿ ಹೇಳಿದೆ. ಹೆರಿಗೆ ರಜೆಗೆ ಬರುವ ತನಕ ತಲೆ ಆಡಿಸುತ್ತಿದ್ದರು.

"ಇಪ್ಪತ್ತಾರು ವಾರ."

"ವಾರ ಅಲ್ಲ ತಂಬಿ, ದಿನ ಇರ್ಬೇಕು. ಸರಿಯಾಗಿ ನೋಡು."

"ವಾರವೇ ಅಣ್ಣಾಚಿ."

"ಅಂದ್ರೆ ಅರ್ಧ ಕ್ಯಾಲೆಂಡರ್!"

ಕುರ್ಚಿಗೆ ಒರಗಿಬಿಟ್ಟರು. ನೀರು ಕೊಟ್ಟೆ. ಆ ಹಣ ಇಎಸ್‌ಐನವರು ಕೊಡುತ್ತಾರೆ, ನಮ್ಮ ಕೈಯಿಂದಲ್ಲ ಅಂದೆ. ತಕ್ಷಣ ನೆಟ್ಟಗೆ ಕೂತರು.

"ಮೊದ್ಲೇ ಬೊಗಳೋಕೇನೋ ನಿಂಗೆ? ಎದೆ ಒಡೆದು ಸಾಯ್ತಿದ್ದೆ. ಕೊಡು ಕೊಡು, ಪಾಪ, ಹೆತ್ತವಳು. ಪೂರ್ತಿ ಇಪ್ಪತ್ತಾರೂ ಕೊಡು."

ಮುದುಕ ಭಾರಿ ಕಿಲಾಡಿ. ಆದರೂ ಇವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಬರುವುದಿಲ್ಲ.

ಆಗಸ್ಟ್ 20, ಮಂಗಳವಾರ

ಇವತ್ತು ಬಂತು. ಸಿಟ್ಟು.

ಹತ್ತು ಕಲಮು ಮುಗಿದಿದ್ದವು. ಹನ್ನೊಂದನೆಯದನ್ನು ನಾನೇ ಸೇರಿಸಿದ್ದೆ. ‘ಹೆಂಡತಿಯ ಹೆರಿಗೆಯ ಸಮಯದಲ್ಲಿ ಗಂಡನಿಗೆ ಹದಿನೈದು ದಿನ ಸಂಬಳ ಸಹಿತ ರಜೆ.’ ನಮ್ಮಂಥ ಪ್ರೆಸ್ಸಿನಲ್ಲಿ ಅಪ್ಪನಾಗುವವನಿಗೆ ಕಾನೂನಿನಲ್ಲಿ ಏನೂ ಇಲ್ಲ, ಮಾಲೀಕರು ಮನಸ್ಸು ಮಾಡಿದರೆ ಉಂಟು ಎಂದು ಮೇಡಂ ಹೇಳಿದ್ದರು. ಅದೇ ಆಸೆ.

ಅಣ್ಣಾಚಿ ಓದಿದರು. ಕೆಂಪು ಪೆನ್ಸಿಲ್ ಎತ್ತಿ ಪೂರ್ತಿ ಹೊಡೆದು ಹಾಕಿದರು, ತಪ್ಪು ಅಚ್ಚಾದ ತಿಥಿಗೆ ಹೊಡೆಯುವ ಹಾಗೆ.

"ಕಾನೂನಲ್ಲಿದೆಯಾ?"

"ಇಲ್ಲ ಅಣ್ಣಾಚಿ, ಆದ್ರೆ…"

"ಮತ್ತೆ? ಗಂಡಸು ಅಲ್ಲಿ ಏನ್ ಕಡಿದು ಕಟ್ಟೆ ಹಾಕ್ತಾನೆ? ಆಸ್ಪತ್ರೆ ಬಾಗಿಲಲ್ಲಿ ಬೀಡಿ ಸೇದ್ತಾನೆ. ಚೊಚ್ಚಲಿಗೆ ತವರು ಅಂತ ಒಂದಿದೆ. ನನ್ನ ದೊಡ್ಡ ಮಗಳನ್ನ ನಾನು ನೋಡಿದ್ದೇ ಹದಿನಾರನೇ ದಿನ, ತೊಟ್ಟಿಲ ಶಾಸ್ತ್ರಕ್ಕೆ. ಏನಾಯ್ತು? ಬೆಳೀಲಿಲ್ವಾ ಅವಳು?"

ಮನೆಯ ಕಷ್ಟ ಹೇಳಿಕೊಳ್ಳದೆ ಕರಡು ಎತ್ತಿಕೊಂಡು ಬಂದೆ. ನನ್ನ ಸಂಸಾರಕ್ಕೆ ಬೇಕಾದದ್ದನ್ನು ಕಂಪನಿಯ ನೀತಿಯೊಳಗೆ ತುರುಕುತ್ತಿದ್ದೇನೆ ಅಂದುಕೊಂಡಾರು ಎಂಬ ನಾಚಿಕೆ. ಇಸಕ್ಕಿಗೆ ತವರೆಲ್ಲಿದೆ? ಅಮ್ಮ ಹೋದಾಗ ಅವಳಿಗೆ ಒಂಬತ್ತು ವರ್ಷ. ಬೆಳೆದದ್ದು ಹಾಸ್ಟೆಲಿನಲ್ಲಿ. ನನ್ನ ಅಮ್ಮನೂ ಹೋದ ವರ್ಷ ತೀರಿಕೊಂಡಳು. ಬಾಣಂತನ ಮಾಡಲು ಉಳಿದವನು ನಾನೊಬ್ಬನೇ. ಹೆರಿಗೆ ಬೀಳುವುದು ನವೆಂಬರ್ ಕೊನೆಗೆ, ಸೀಸನ್ನಿನ ನೆತ್ತಿಯ ಮೇಲೆ.

ಆಗಸ್ಟ್ 21

ಇಸಕ್ಕಿಗೆ ಸಮಾಧಾನ ಹೇಳಲು ಹೋದೆ. ಗಳಿಕೆ ರಜೆ ಇದೆಯಲ್ಲ, ಅದನ್ನೇ ಹಾಕುತ್ತೇನೆ ಅಂದೆ. ಅವಳು ನನ್ನ ಕರಡು ಕೈಗೆತ್ತಿಕೊಂಡಳು. ಆರನೇ ಕಲಮು ಓದಿದಳು.

"ಹದಿನೈದು ದಿನ ಮುಂಚೆ ಅರ್ಜಿ. ಕಾಯಿಲೆಗೆ ಮಾತ್ರ ವಿನಾಯಿತಿ. ಹೆರಿಗೆ ಕಾಯಿಲೆಯಾ?"

"ಅಲ್ಲ."

"ಹಂಗಾದ್ರೆ ಮಗೂಗೇ ಹೇಳಿ. ಏ ಮರಿ, ಬರೋ ಹದಿನೈದು ದಿನ ಮುಂಚೆ ಒಂದು ಅರ್ಜಿ ಹಾಕಪ್ಪಾ, ನಿಮ್ಮಪ್ಪ ಭಾರಿ ಕಾನೂನು ಪಂಡಿತ ಅಂತ."

ನಕ್ಕಳು. ಆಮೇಲೆ ಗೋಡೆಗೆ ತಿರುಗಿ ಮಲಗಿದಳು. "ಒಬ್ಳೇ ಇರೋಕೆ ಭಯ ಆಗುತ್ತೆ ರೀ" ಅಂದಳು. ಇವಳು ಭಯ ಅಂದದ್ದು ಇದೇ ಮೊದಲು. ನಾನೇ ತೋಡಿದ ಹಳ್ಳ, ಬಿದ್ದವಳು ಅವಳು.

ಸೆಪ್ಟೆಂಬರ್ 13, ಶುಕ್ರವಾರ

ಬೈಂಡಿಂಗಿನ ಹೆಂಗಸರು ಸೇರಿ ಇಸಕ್ಕಿಗೆ ಬಳೆ ತೊಡಿಸಿದರು. ಪೇಪರ್ ರೀಮುಗಳನ್ನು ಪಕ್ಕಕ್ಕೆ ತಳ್ಳಿ, ನಡುವೆ ಒಂದು ಕುರ್ಚಿ. ಹುಳಿಯನ್ನ, ನಿಂಬೆಯನ್ನ, ತೆಂಗಿನಕಾಯಿ ಅನ್ನ, ಸಾತ್ತೂರಿನ ಖಾರಾಸೇವು. ಎರಡೂ ಕೈಗೆ ಮೊಣಕೈ ತನಕ ಗಾಜಿನ ಬಳೆ. ಕೆನ್ನೆಗೆ ಅರಿಸಿನ ಬಳಿಯುತ್ತಾ ಒಬ್ಬೊಬ್ಬಳೂ ಒಂದೊಂದು ಮಾತು. "ನಿನ್ನ ಗಂಡನ ಮೂಗು ಬರದೇ ಇರ್ಲಿ ಕಣೇ." ನನ್ನ ಮೂಗಿಗೇನಾಗಿದೆ?

ಅಣ್ಣಾಚಿ ಬಂದು ಅಕ್ಷತೆ ಹಾಕಿದರು. ಶಾಸ್ತ್ರ ಮುಗಿದ ಮೇಲೆ ಬಸುರಿಯನ್ನು ತವರಿಗೆ ಕಳಿಸಬೇಕು, ತಿರುಗಿ ನೋಡಬಾರದು. ಹೆಂಗಸರು ಹಾಡು ಹೇಳುತ್ತಾ ಗೇಟಿನ ತನಕ ಬಂದರು. ಇಸಕ್ಕಿ ತಿರುಗಿ ನೋಡದೆ ನನ್ನ ಬೈಕ್ ಹತ್ತಿದಳು. ಬೈಕು ಎರಡು ಬೀದಿ ದಾಟಿ ನಮ್ಮ ಬಾಡಿಗೆ ಮನೆಗೇ ಬಂತು. ಇಡೀ ದಾರಿ ಬಳೆ ಸದ್ದು.

ಅವಳನ್ನು ಬಿಟ್ಟು ಪ್ರೆಸ್ಸಿಗೆ ವಾಪಸ್ ಹೋದೆ. ಅಣ್ಣಾಚಿ ಗೇಟಿನಲ್ಲೇ ನಿಂತಿದ್ದರು.

"ಇಷ್ಟು ಬೇಗ ಬಂದೆ? ತವರು ಯಾವೂರಾಯ್ತು?"

"ಇಲ್ಲ ಅಣ್ಣಾಚಿ. ಮನೆಗೇ ಬಿಟ್ಟುಬಂದೆ."

"ಮನೆಗೇ ಅಂದ್ರೆ?"

"ನಮ್ಮನೆಗೆ. ಅವಳಿಗೆ ಬೇರೆ ಮನೆ ಇಲ್ಲ."

ಅಣ್ಣಾಚಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಒಳಗೆ ಹೋಗಿ, ಸಂಜೆಯ ತನಕ ಒಬ್ಬರಿಗೂ ಬೈಯಲಿಲ್ಲ. ಮಿಷನ್ ಹುಡುಗರಿಗೆಲ್ಲ ಗಾಬರಿ, ಅಣ್ಣಾಚಿಗೆ ಹುಷಾರಿಲ್ಲವೇನೋ ಎಂದು.

ಸೆಪ್ಟೆಂಬರ್ 14

ಬಾಗಿಲು ತೆಗೆಯುವ ಮುಂಚೆಯೇ ಕರೆ.

"ಆ ಹನ್ನೊಂದನೇದು ತಾ."

ಕೊಟ್ಟೆ.

"ಹದಿನೈದು ಆಗಲ್ಲ. ಮೂರು."

"ಅಣ್ಣಾಚಿ, ಮೂರು ದಿನಕ್ಕೆ ಆಸ್ಪತ್ರೆಯಿಂದ ಮನೆಗೂ ಬಂದಿರಲ್ಲ. ಹನ್ನೆರಡು."

"ಐದು. ನವೆಂಬರ್ ಕಣೋ! ಹೊಟ್ಟೆ ಮೇಲೆ ಹೊಡೀಬೇಡ."

"ಹತ್ತು."

"ಏಳು. ಇನ್ನೊಂದು ದಿನ ಕೇಳಿದ್ರೆ ಆರು ಮಾಡ್ತೀನಿ."

ಪೇಪರ್ ವ್ಯಾಪಾರಿಗಳ ಜೊತೆ ಹೀಗೇ ಚೌಕಾಶಿ ಮಾಡುವುದು. ಏಳಕ್ಕೆ ನಿಂತಿತು. ಮುಂಚಿತ ಅರ್ಜಿ ಬೇಡ, ಫೋನ್ ಸಾಕು ಎಂದೂ ಸೇರಿಸಿದೆ. ತಮ್ಮ ಕೈಯಾರೆ ಇನ್ನೊಂದು ಸಾಲು ಬರೆದರು: ‘ಎಲ್ಲ ವಿಭಾಗದ ಗಂಡಸರಿಗೂ.’ ಓದುವಾಗ ಕಣ್ಣು ಮಂಜಾಯಿತು. ಇಂಕಿನ ವಾಸನೆಗೆ ಅಂದೆ.

ಏಳು ದಿನ. ಎಂಟನೇ ದಿನ ಇಸಕ್ಕಿ ಏನು ಮಾಡುತ್ತಾಳೆ ಎಂಬುದನ್ನು ಇವತ್ತು ಯೋಚಿಸುವುದಿಲ್ಲ.

ಅಕ್ಟೋಬರ್ 8, ಮಂಗಳವಾರ

ಪರಿಶೀಲನೆ ಮುಗಿಯಿತು. ಚೆನ್ನೈಯಿಂದ ಒಬ್ಬ ಹೆಂಗಸು ಬಂದಿದ್ದಳು, ಜರ್ಮನಿಯವರ ಪರವಾಗಿ. ಸಾಲುಸಾಲಾಗಿ ಓದಿದಳು. ಹನ್ನೊಂದಕ್ಕೆ ಬೆರಳಿಟ್ಟು, "ಇದು ಕಾನೂನಿನಲ್ಲಿ ಇಲ್ಲವಲ್ಲ ಸಾರ್?" ಅಂದಳು.

ಅಣ್ಣಾಚಿ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, "ಕಾನೂನು ಬರೆದೋರ ಹೆಂಡ್ತೀರಿಗೆ ತವರಿತ್ತೇನೋಮ್ಮಾ" ಅಂದರು.

ಆಗಸ್ಟಿನಲ್ಲಿ ಇದನ್ನೇ ಹೊಡೆದು ಹಾಕಿದ ಮಹಾನುಭಾವರು! ನಾನು ಸೂರು ನೋಡುತ್ತಾ ನಿಂತೆ. ಆರ್ಡರ್ ಸಿಕ್ಕಿತು.

ನವೆಂಬರ್ 2, ಶನಿವಾರ

ದೀಪಾವಳಿ ಮುಗಿಸಿ ಎಲ್ಲರೂ ವಾಪಸ್. ರಜೆಗೆ ಈಗ ಅಚ್ಚಾದ ಅರ್ಜಿ ಇದೆ. ನಮ್ಮವರು ಅದನ್ನು ತುಂಬಿ, ಮೇಲೆ ಕ್ಯಾಲೆಂಡರ್ ಹಾಳೆಯನ್ನೂ ಪಿನ್ ಹೊಡೆದು ತರುತ್ತಾರೆ. ಅಣ್ಣಾಚಿ ಅರ್ಜಿ ಮುಟ್ಟುವುದಿಲ್ಲ, ಹಾಳೆಯ ಹಿಂದೆ ಸಹಿ ಹಾಕುತ್ತಾರೆ. ಅರ್ಜಿಗೂ ಹಾಕಿಸಲು ನಾನು ಅವರ ಹಿಂದೆ ಹಿಂದೆ ಓಡಬೇಕು.

ಹಬ್ಬಕ್ಕೆ ನಮಗೆ ಪಾಲ್ಕೋವಾ ಸಿಹಿಯ ಡಬ್ಬಿ ಕೊಟ್ಟರು. ಜೊತೆಗೆ ಒಂದು ದಿನದ ಕ್ಯಾಲೆಂಡರ್. ಅದೂ ಈ ವರ್ಷದ್ದು! ಅಕ್ಟೋಬರ್ ತನಕ ಹರಿದು ತೆಗೆದಿದ್ದಾರೆ. ಗೋಡೌನಿನಲ್ಲಿ ಬಿದ್ದಿದ್ದ ಮಾಲು, ಜಿಪುಣಾಗ್ರೇಸರ. ಇಸಕ್ಕಿ ಮಾತ್ರ ಅದನ್ನು ತೊಟ್ಟಿಲು ಕಟ್ಟುವ ಜಾಗದ ಮೇಲೆ ನೇತುಹಾಕಿದಳು.

"ಇದನ್ನ ಯಾರೂ ಹರೀಬಾರ್ದು. ಮಗು ಬಂದ ದಿನದ್ದೇ ಮೊದಲ ಹಾಳೆ."

ನವೆಂಬರ್ 13, ಬುಧವಾರ

ಡಾಕ್ಟರ್ ಕೊಟ್ಟ ದಿನ ಇಪ್ಪತ್ತೆಂಟು. ಏಳು ದಿನ ಸಾಲದು, ಜೊತೆಗೆ ನನ್ನ ಗಳಿಕೆ ರಜೆಯೂ ಬೇಕು. ನಾನೇ ಬರೆದ ಆರನೇ ಕಲಮಿನಂತೆ ಇವತ್ತೇ ಕೊನೆಯ ದಿನ. ಅರ್ಜಿ ತುಂಬಿ, ಅಡುಗೆಮನೆಯಲ್ಲಿ ಮೊದಲಿಂದ ಇರುವ ಕ್ಯಾಲೆಂಡರಿನಿಂದ ಇಪ್ಪತ್ತೆಂಟನೇ ಹಾಳೆ ಹರಿದು ಮೇಜಿನ ಮೇಲಿಟ್ಟೆ.

ಅಣ್ಣಾಚಿ ನೋಡಿದರು. ರಾಹುಕಾಲ ಓದಲಿಲ್ಲ, ಗಾದೆ ಓದಲಿಲ್ಲ. ಹಾಳೆಯನ್ನು ಹಾಗೇ ನನ್ನ ಕಡೆಗೆ ತಳ್ಳಿದರು. ಬರೀ ಹಾಳೆ. ಸಹಿ ಇಲ್ಲ.

"ಇದನ್ನ ತಗೊಂಡ್ಹೋಗು. ನಿನ್ನ ಮಗು ಡಾಕ್ಟ್ರ ಚೀಟಿ ನೋಡ್ಕೊಂಡು ಬರುತ್ತಾ? ಹೋಗೋ, ಕೆಲ್ಸ ನೋಡು."

ಮುಖ ತಿರುಗಿಸಿಕೊಂಡು ಬಂದೆ. ಅಂದರೆ ಏಳೇ ದಿನ. ಇಸಕ್ಕಿಗೆ ಹೇಳಿಲ್ಲ. "ಯಾಕೆ ಗಂಜಿ ಹಾಕಿದ ಅಂಗಿ ಥರ ಬಿಗ್ಕೊಂಡಿದೀರಿ?" ಅಂದಳು. ತಲೆನೋವು ಅಂದೆ.

ನವೆಂಬರ್ 17, ಭಾನುವಾರ. ಮಧ್ಯಾಹ್ನ ಮೂರೂಮುಕ್ಕಾಲು

ಊಟ ಮುಗಿಸಿ ಕೈ ತೊಳೆಯುವಾಗ ಶುರುವಾಯಿತು. ನೋವು ಬರುತ್ತಿದೆ, ಬಿಡುತ್ತಿದೆ. ಡಾಕ್ಟರ್ ಕರೆತನ್ನಿ ಅಂದಿದ್ದಾರೆ. ಅಣ್ಣಾಚಿಗೆ ಫೋನ್ ಮಾಡಿದೆ, "ವ್ಯಾನ್ ಬರುತ್ತೆ, ಇಡು" ಎಂದು ಇಟ್ಟುಬಿಟ್ಟರು. ಏನು ಮಾಡಲೂ ತೋಚುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಸಕ್ಕಿ ನನ್ನನ್ನು ನೋಡಿ, "ಹೆರೋಳು ನಾನೋ ನೀವೋ?" ಅನ್ನುತ್ತಾಳೆ. ಮತ್ತೆ ಹಲ್ಲು ಕಚ್ಚುತ್ತಾಳೆ.

ಚೀಲ ಕಟ್ಟಿದ್ದಾಯಿತು. "ಹಾಳೆ ಹರೀರಿ, ಇವತ್ತಿನದು" ಅಂದಳು. ತೊಟ್ಟಿಲ ಜಾಗದ ಕ್ಯಾಲೆಂಡರ್. ಮೇಲಿನ ಹದಿನಾರು ಹಾಳೆ ಎತ್ತಿ ಹಿಡಿದು ಹದಿನೇಳನ್ನು ಹರಿದೆ.

ಹಿಂದೆ ಕೆಂಪು ಪೆನ್ಸಿಲ್. ಅಣ್ಣಾಚಿಯ ಸಹಿ.

ಹದಿನೆಂಟು ಎತ್ತಿ ನೋಡಿದೆ. ಸಹಿ. ಹತ್ತೊಂಬತ್ತು, ಸಹಿ. ಇಪ್ಪತ್ತೆಂಟಕ್ಕೂ. ಹದಿನಾರನೇ ದಿನದ ತೊಟ್ಟಿಲ ಶಾಸ್ತ್ರ ಬೀಳುವ ಡಿಸೆಂಬರ್ ಎರಡು, ಅದಕ್ಕೂ. ಒಂದೊಂದನ್ನೂ ಎತ್ತಿ ಎತ್ತಿ ನೋಡಿದೆ. ಡಿಸೆಂಬರ್ ಮೂವತ್ತೊಂದರ ತನಕ ಒಂದೂ ಬಿಟ್ಟಿಲ್ಲ. ಅಷ್ಟೂ ಸೀಸನ್. ಕೂತು ಒಂದೊಂದಕ್ಕೂ ಹಾಕಿದ್ದಾರೆ, ದೀಪಾವಳಿಗೂ ಮುಂಚೆ. ಇವರನ್ನು ನಾನು ಜಿಪುಣ ಅಂದಿದ್ದೆ.

ಇಸಕ್ಕಿಗೆ ತೋರಿಸಿದೆ. ಹಾಳೆಯನ್ನು ಕಣ್ಣಿಗೊತ್ತಿಕೊಂಡಳು. "ನಮ್ಮಮ್ಮ ಇದ್ದಿದ್ರೂ ಇಷ್ಟು ದಿನ…" ಅಂದಳು.

ಹಾರ್ನ್. ವ್ಯಾನ್ ಬಂತು. ಓಡಿಸುತ್ತಿರುವುದು ಡ್ರೈವರಲ್ಲ, ಅಣ್ಣಾಚಿ. ಬೀದಿ ತುಂಬ ಕೂಗು: "ನಾಲ್ಕೂವರೆಗೆ ರಾಹುಕಾಲ ಕಣ್ರೋ! ಬೇಗ ಕರ್ಕೊಂಡು ಬಾ ನನ್ನ ಮಗಳನ್ನ!"

ಇಸಕ್ಕಿ ಅಳುತ್ತಿದ್ದಾಳೆ, ನಗುತ್ತಿದ್ದಾಳೆ. ಪೆನ್ನು ಬಿಡಿ ಅನ್ನುತ್ತಿದ್ದಾಳೆ, ನನ್ನ ಕೈ ಹಿಡಿದು